ಮೂಗಿನ ಭಾರ

ಜುಲೈ ೧೧, ಮಂಗಳವಾರ

ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತು. ಅಕ್ಕನೂ ನಾನೂ ಎರಡು ತಿಂಗಳು ಕೂತು ಮಾಡಿದ ಪುಟ್ಟ ವಿಮಾನವನ್ನು ಇವತ್ತು ಬಕೆಟ್ಟಿನಲ್ಲಿ ತೇಲಿಬಿಟ್ಟರೆ, ಬಾಲ ಮುಳುಗಿಸಿ ಮೂಗನ್ನು ಸೂರಿಗೆತ್ತಿ ನಿಂತಿತು.

ನೀರಿಗಿಳಿಯುವ ವಿಮಾನವೇನೋ ಸರಿ, ಆದರೆ ಇಂಥದ್ದು ಲೋಕದಲ್ಲೇ ಇಲ್ಲ. ರೆಕ್ಕೆಯ ಮೇಲೆ ಬಟ್ಟೆ ಒಣಹಾಕುವ ಹಗ್ಗ, ಬಾಲದೊಳಗೆ ಅಡುಗೆಮನೆ, ಎಲ್ಲ ಅಕ್ಕನ ಕಲ್ಪನೆ. ಬಾಲ ಭಾರವಾದ್ದರಿಂದ ಒಡಲು ಮುಚ್ಚುವ ಮೊದಲು ಮೂಗಿನೊಳಗೆ ಸೀಸದ ಗುಂಡು ತುಂಬಿ ಅಂಟು ಸುರಿಯಬೇಕು. ಅದು ಮೊದಲಿನಿಂದಲೂ ಅಕ್ಕನ ಕೆಲಸ. ನಾನು ಕೈ ಹಾಕಿದರೆ ಗದರುತ್ತಾಳೆ.

“ನನ್ನ ಕೈಯಾರೆ ಹಾಕಿದೀನಿ ಕಣೆ. ನೀನೇ ರೆಕ್ಕೆ ಹಿಂದಕ್ಕೆ ಕೂರಿಸಿರ್ಬೇಕು,” ಎಂದು ಮುನಿಸಿಕೊಂಡು ಒಳಗೆ ಹೋದಳು.

ನನಗೂ ರೇಗಿತು. ಗರಗಸ ತಂದು ಮೂಗು ಕೊಯ್ದೆ. ಅಂಟಿನಲ್ಲಿ ಹೂತುಕೊಂಡಿದ್ದವು ಅವಳ ರಕ್ತದೊತ್ತಡದ ಮಾತ್ರೆಗಳು. ಓಡಿ ಹೋಗಿ ಅವಳ ಮಾತ್ರೆ ಡಬ್ಬಿ ತೆರೆದೆ. ಸೀಸದ ಗುಂಡುಗಳು ಅಲ್ಲಿದ್ದವು. ಪುಣ್ಯಕ್ಕೆ, ತಂದಷ್ಟೂ ಹಾಗೇ ಇದ್ದವು. ಅಂದರೆ ಮಾತ್ರೆ ನುಂಗುವುದನ್ನೇ ಮರೆತಿದ್ದಾಳೆ. ಇದನ್ನು ಪುಣ್ಯ ಅನ್ನಲೇ?

ಅಕ್ಕ ಬಾಗಿಲಲ್ಲಿ ನಿಂತಿದ್ದಳು. “ಏನಾಗಿತ್ತೇ?”

“ರೆಕ್ಕೆನೇ ಹಿಂದಾಗಿತ್ತಕ್ಕ. ನನ್ನದೇ ತಪ್ಪು.”

“ನಾನು ಹೇಳ್ಲಿಲ್ವಾ!” ಮಗುವಿನ ಹಾಗೆ ಹಿಗ್ಗಿದಳು. “ಮುಂದಿನದಕ್ಕೂ ಭಾರ ನಾನೇ ಹಾಕೋದು.”

ಹೂಂ ಅಂದೆ. ಗುಂಡು, ಮಾತ್ರೆ ಎರಡೂ ಈಗ ನನ್ನ ದಿಂಬಿನ ಕೆಳಗಿವೆ. ಬೆಳಗ್ಗೆ ಎದ್ದು, ನನ್ನ ಡಬ್ಬಿ ಎಲ್ಲೇ ಅಂತ ಅವಳು ಕೇಳಿದರೆ ಏನು ಹೇಳಲಿ?