ಒಂಬೈನೂರು ಗ್ರಾಂ

ಸಾಬೂನಿನ ಕೋಣೆ,
ಒಂಬತ್ತನೇ ತಾರೀಕು, ಬುಧವಾರ ಮಧ್ಯಾಹ್ನ

ನನ್ನ ತಕ್ಕಡಿ ಮಗಳೇ,

ಹೀಗೆ ಕರೆದರೆ ಈಗಲೂ ಸಿಟ್ಟೇ? ಬೊಂಬೆಯನ್ನೂ ತೂಗಿ ನೋಡುತ್ತಿದ್ದವಳು ನೀನು. ಹೇಗಿದ್ದೀಯ? ಕಾಲೇಜಿನ ಲ್ಯಾಬಿನ ಗಾಳಿಗೆ ಕೆಮ್ಮು ಬರುತ್ತಿತ್ತಲ್ಲ, ಕಡಿಮೆಯಾಯಿತೇ? ಪಾಠ ಹೇಳುವ ಭರದಲ್ಲಿ ಊಟ ಬಿಡಬೇಡ. ಇಲ್ಲಿ ನಾವು ಚೆನ್ನಾಗಿದ್ದೇವೆ. ಚಳಿಗಾಲದಲ್ಲಿ ಹಿಡಿದ ನನ್ನ ಜ್ವರ ಪೂರ್ತಿ ಬಿಟ್ಟಿದೆ. ನಿನ್ನೆ ನಿಮ್ಮಮ್ಮ ಅಡುಗೆಗೆ ಉಪ್ಪು ಹಾಕುವುದನ್ನೇ ಮರೆತಿದ್ದಳಂತೆ. ನಾನು ತುಟಿಪಿಟಕ್ಕೆನ್ನದೆ ಎರಡು ಸಲ ಬಡಿಸಿಕೊಂಡು ಉಂಡೆ. ಮುದುಕ ಕೊನೆಗೂ ದಾರಿಗೆ ಬಂದ ಎಂದು ಪಕ್ಕದ ಮನೆಯ ದರ್ಜಿಯ ಹೆಂಡತಿಗೂ ಹೇಳಿ ಬಂದಿದ್ದಾಳೆ.

ಕೂತಲ್ಲಿ ಕೂರಲಾಗುತ್ತಿಲ್ಲ. ಇಷ್ಟು ಬರೆಯುವಷ್ಟರಲ್ಲಿ ಮೂರು ಸಲ ಎದ್ದು, ಹಲಗೆಯ ಮೇಲೆ ಆರಲಿಟ್ಟ ಸಾಬೂನು ನೋಡಿ ಬಂದೆ. ಎಣ್ಣೆ ಅಂಗಡಿಯವನು ಈ ಸಲ ನಲವತ್ತರ ಬದಲು ಇಪ್ಪತ್ತೇ ಕಿಲೋ ತೆಂಗಿನೆಣ್ಣೆ ಕೊಟ್ಟ. ಉಳಿದ ಇಪ್ಪತ್ತಕ್ಕೆ ಸೂರ್ಯಕಾಂತಿ ಎಣ್ಣೆ ಸುರಿದೆ. ಕಾಸ್ಟಿಕ್ ಸೋಡಾ ಮಾತ್ರ ಬರೀ ತೆಂಗಿನೆಣ್ಣೆಗೆ ಹಾಕುತ್ತಿದ್ದ ಹಳೆಯ ಅಳತೆಯೇ: ಕಿಲೋ ಎಣ್ಣೆಗೆ ನೂರ ಎಂಬತ್ತು ಗ್ರಾಂ, ನಲವತ್ತು ಕಿಲೋಗೆ ಏಳು ಕಿಲೋ ಇನ್ನೂರು. ಹೋದ ತಿಂಗಳು ನೀನು ಬಂದಾಗ, ಹೀಗೆ ಬೆರೆಸುತ್ತೇನೆ ಎಂದದ್ದಕ್ಕೇ ತಾನೇ ನಮ್ಮ ಜಗಳ? “ತೂಕ ಒಂದೇ ಆದ್ರೂ ಎಲ್ಲಾ ಎಣ್ಣೆನೂ ಒಂದೇ ಸಮ ಕಾಸ್ಟಿಕ್ ತಗೊಳಲ್ಲಪ್ಪಾ. ಸೂರ್ಯಕಾಂತಿಗೆ ನೂರ ಮೂವತ್ತೈದೇ ಸಾಕು. ಮಿಕ್ಕಿದ್ದು ಸೋಪಲ್ಲೇ ಉಳಿದು ಮೈ ಸುಡತ್ತೆ” ಎಂದು ನೀನು. “ಮೂವತ್ತು ವರ್ಷದಿಂದ ನನ್ನ ನಾಲಿಗೆ ಹೇಳಿದ್ದೇ ಲೆಕ್ಕ. ನಿನ್ನ ಕಾಲೇಜು ಕಾಲೇಜಲ್ಲೇ ಇರ್ಲಿ” ಎಂದು ನಾನು. ಬಡಿಸಿದ ತಟ್ಟೆ ಬಿಟ್ಟು ಬಸ್ಸು ಹತ್ತಿದವಳು ಆಮೇಲೆ ಒಂದು ಸಾಲೂ ಬರೆಯಲಿಲ್ಲ.

ಸೋಮವಾರ ಸಾಬೂನು ಕತ್ತರಿಸಿ, ಎಂದಿನಂತೆ ನಾಲಿಗೆಯ ತುದಿ ತಾಗಿಸಿದೆ. ಚುರ್ರೆಂದರೆ ಕಾಸ್ಟಿಕ್ ಹೆಚ್ಚು, ಸುಮ್ಮನಿದ್ದರೆ ಸರಿ; ನಿನಗೆ ಎಂಟು ವರ್ಷವಿದ್ದಾಗ ನಾನೇ ಕಲಿಸಿದ್ದು. ಚುರ್ರೆನ್ನಲಿಲ್ಲ. ಹಾಗಾದರೆ ನಿನ್ನ ಲೆಕ್ಕವೇ ತಪ್ಪಿರಬೇಕು, ಅಲ್ಲವೇ? ಆದರೂ ನೀನು ಹೇಳಿದಂತೆ ಕೂಡಿ ಕಳೆದು ನೋಡಿದೆ. ಒಂಬೈನೂರು ಗ್ರಾಂ ಹೆಚ್ಚು ಬಿದ್ದಿದೆ ಎನ್ನುತ್ತದೆ ಕಾಗದ. ಇದೆಲ್ಲ ಹೆರಿಗೆ ಆಸ್ಪತ್ರೆಗೆ ಹೋಗುವ ಸಾಬೂನು, ಹಸುಗೂಸುಗಳ ಮೈಗೆ. ಇಪ್ಪತ್ತನೇ ತಾರೀಕು ಅವರ ಗಾಡಿ ಬರುತ್ತದೆ.

ನಿಮ್ಮಮ್ಮ ಮುತ್ತು ಕಳಿಸಿದ್ದಾಳೆ. ನನ್ನದು ಎಂದಿನಂತೆ ನಿನ್ನ ತಲೆಯ ಮೇಲೊಂದು ಕೈ.

ನಿನ್ನ ಹಠಮಾರಿ
ಅಪ್ಪ

ತಾ.ಕ.: ಅಂಟಿಸಿದ ಲಕೋಟೆಯನ್ನು ಮತ್ತೆ ಬಿಚ್ಚಿದೆ. ಜ್ವರ ಹೋಗುವಾಗ ನನ್ನ ನಾಲಿಗೆಯನ್ನೂ ಕೊಂಡೊಯ್ದಿದೆ, ಮಗಳೇ. ಉಪ್ಪು, ಖಾರ, ಉರಿ ಒಂದೂ ತಿಳಿಯುವುದಿಲ್ಲ. ನೀನು ಬಂದಾಗಲೂ ತಿಳಿಯುತ್ತಿರಲಿಲ್ಲ. ಅದಕ್ಕೇ ಅಷ್ಟು ಕೂಗಾಡಿದ್ದು. ನಿಮ್ಮಮ್ಮನಿಗೂ ಹೇಳಿಲ್ಲ. ಗಾಡಿ ಕಳಿಸಬೇಡಿ ಎಂದು ಆಸ್ಪತ್ರೆಗೆ ಈಗಷ್ಟೇ ಹೇಳಿ ಬಂದೆ. ಎಲ್ಲವನ್ನೂ ಮತ್ತೆ ಕರಗಿಸಿ ಐದು ಕಿಲೋ ತೆಂಗಿನೆಣ್ಣೆ ಸೇರಿಸಿದರೆ ಆ ಒಂಬೈನೂರು ಗ್ರಾಂ ಅದರಲ್ಲಿ ಮುಗಿಯಬೇಕು. ನಿನ್ನ ರೀತಿಯಲ್ಲೇ ಭಾಗಿಸಿದ್ದೇನೆ, ಹಾಳೆಯ ಹಿಂದೆ ನೋಡು. ತಪ್ಪಿದ್ದರೆ ತಿದ್ದು. ಸರಿಯಿದ್ದರೂ ಬಾ. ಕೊನೆಗೆ ನಾಲಿಗೆ ತಾಗಿಸಿ ನೋಡಬೇಕಲ್ಲ, ನಾನು ಕಲಿಸಿದ್ದು ನಿನಗೊಬ್ಬಳಿಗೇ.