ಕೊರಳ ಕರಡಿಗೆ

ವಿದ್ಯಾನಗರ, ದಾವಣಗೆರೆ
12-8-1998

ಹರಿಹರದ ಗೆಳತಿ ರಶೀದಾಳಿಗೆ ದ್ರಾಕ್ಷಾಯಣಿಯ ಶರಣು.

ಸೋಮವಾರ ನನಗೆ ಗರ್ಭಕೋಶದ ಆಪರೇಷನ್. ಭಯಕ್ಕೆ ಊಟ ಸೇರುತ್ತಿಲ್ಲ. "ಮೈಮ್ಯಾಲೆ ಏನೂ ಇರಬಾರ್ದ್ರಿ, ಲಿಂಗಾನೂ ತೆಗೀಬೇಕು" ಎಂದಳು ನರ್ಸಮ್ಮ. ಅದು ನನ್ನ ಕೊರಳು ಬಿಟ್ಟದ್ದು ಒಮ್ಮೆ ಮಾತ್ರ. ಚಿಕ್ಕವರಿದ್ದಾಗ ಹೊಳೆಯಲ್ಲಿ ದಾರ ಹರಿದು ಲಿಂಗವಿದ್ದ ಕರಡಿಗೆ ಮುಳುಗಿತ್ತು. ನೀನೇ ಮುಳುಗಿ ತಂದುಕೊಟ್ಟೆ, ಇವತ್ತಿಗೂ ನಾವಿಬ್ಬರೂ ಯಾರಿಗೂ ಹೇಳಿಲ್ಲ.

ಸೊಸೆ ಕಪಾಟಿನಲ್ಲಿ ಇಡುತ್ತೇನೆ ಅನ್ನುತ್ತಾಳೆ. ಅಲ್ಲಿ ಒಂಟಿಯಾಗಿ ಬಿಡಲು ನನಗೆ ಧೈರ್ಯವಿಲ್ಲ. ನೀನು ಹಿಡಿದುಕೊಂಡು ಕೂರಬೇಕು. "ನಾವು ಮಾಂಸ ತಿನ್ನೋರು, ಹೆಂಗ್ ಮುಟ್ಲಿ" ಅಂತ ಶುರು ಮಾಡಬೇಡ.

ಸೋಮವಾರ ಮೊದಲ ಬಸ್ಸಿಗೇ ಬಾ. ನಾನು ಕಣ್ಣು ಬಿಟ್ಟರೆ ನೀನೇ ಕೊರಳಿಗೆ ಕಟ್ಟು. ಬಿಡದಿದ್ದರೆ, ಮಣ್ಣು ಮಾಡುವ ಮುಂಚೆ ನನ್ನ ಎಡ ಅಂಗೈಯಲ್ಲಿ ಲಿಂಗ ಇಡಿಸು. ನಮ್ಮವರು ಗಾಬರಿಯಲ್ಲಿ ಮರೆತಾರು, ನೀನು ಮರೆಯುವವಳಲ್ಲ.

ನಿನ್ನ
ದ್ರಾಕ್ಷಾಯಣಿ