ಒಂದು ದಿನದ ಹಾಜರಿ

ಅಪ್ಪಾ,

ನೀನು ತೀರಿಕೊಂಡ ಮೇಲೂ ನಿನ್ನ ಮೇಲಿನ ಸಿಟ್ಟು ನನ್ನನ್ನು ಮಲಗಗೊಡುವುದಿಲ್ಲ.

ಇಂದು ಈ ಹೊರನಾಡಿನಲ್ಲಿ, ಆಂಟಾಪ್ ಹಿಲ್‌ನ ನಮ್ಮ ಕನ್ನಡ ಶಾಲೆಗೆ ತಪಾಸಣೆಯವರು ಬಂದಿದ್ದರು. ಮಕ್ಕಳು ಕಡಿಮೆಯಿದ್ದರೆ ಶಾಲೆಗೆ ಬೀಗ. ನಿನ್ನೆ ಶೈಲಾ ಟೀಚರ್ ಮನೆಗೇ ಬಂದು, "ಮಗಳನ್ನ ಒಂದ್ ದಿನ ಸಾಲ್ಯಾಗ ಕೂಡ್ಸವಾ. ಆಗ ನಿಮ್ಮಪ್ಪ ನಿನ್ನ ಹಿಂಗ ಕೂಡ್ಸಿದ್ದಕ್ಕ ಸಾಲಿ ಉಳದದ" ಎಂದರು.

ಹೌದು, ನೀನು ಕೂಡಿಸಿದೆ. ಶಾಲೆಯ ವಯಸ್ಸಾಗದಿದ್ದರೂ ನನ್ನನ್ನು, ಗಾರೆ ಕೆಲಸದವರ ಮಕ್ಕಳನ್ನೆಲ್ಲ ಎತ್ತಿ ತಂದು ಒಂದನೇ ಇಯತ್ತೆ ತುಂಬಿಸಿದೆ. ಚಾಳಿನ ನೆರೆಯವರೆಲ್ಲ ಹೊಗಳಿದರು. ಆದರೆ ನನ್ನ ತಮ್ಮ ಶರಣನನ್ನು ನೀನು ಇಂಗ್ಲಿಷ್ ಶಾಲೆಗೆ ಸೇರಿಸಿದೆ. "ಅವ ಮುಂದ ಬರಬೇಕು" ಅಂದೆ. ಶಾಲೆ ಉಳಿಸಲು ನಾನು, ಮುಂದೆ ಬರಲು ಅವನು!

ನಿನ್ನೆ ನಾನು ಟೀಚರಿಗೆ ಇದನ್ನೆಲ್ಲ ಕೂಗಿ ಹೇಳಿದೆ. ಆದರೂ ಇಂದು ಬೆಳಿಗ್ಗೆ ಮಗಳು ಶುಭಾಂಗಿಯ ಇಂಗ್ಲಿಷ್ ಶಾಲೆಗೆ ಜ್ವರವೆಂದು ಸುಳ್ಳು ಹೇಳಿ ಅವಳನ್ನು ಕನ್ನಡ ಶಾಲೆಗೆ ಕರೆದೊಯ್ದೆ. ನಾನು ಕೂರುತ್ತಿದ್ದ ಕಿಟಕಿಯ ಪಕ್ಕವೇ ಕೂತಳು. ಪಕ್ಕದ ಹುಡುಗಿ ಅವಳ ಕೈ ಹಿಡಿದು ಪಾಟಿಯ ಮೇಲೆ ಅಕ್ಷರ ತಿದ್ದಿಸಿದಳು. ಈ ವರ್ಷಕ್ಕೆ ಶಾಲೆ ಉಳಿಯಿತು.

ಮರಳುವಾಗ ಅವಳು ಕುಣಿಯುತ್ತ, ನಾಳೆಯೂ ಬರುತ್ತೇವಲ್ಲ ಎಂದು ಹಿಂದಿಯಲ್ಲಿ ಕೇಳಿದಳು: "ಮಮ್ಮಿ, ಕಲ್ ಭೀ ಆಯೇಂಗೆ ನಾ?"

"ಇಲ್ಲ. ನೀ ಮುಂದ ಬರಬೇಕು" ಅಂದುಬಿಟ್ಟೆ.

ಅದಕ್ಕೂ ನಿನ್ನ ಮೇಲೆಯೇ ಸಿಟ್ಟು, ಅಪ್ಪಾ.